ತೂಕ ಕಮ್ಮಿ ಬಂತು

"ಎಂತ ಆತೋ, ಹುಷಾರಿಲ್ಯನಾ?"

ಶಿರಸಿಯ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಪರಿಚಯದವರೊಬ್ಬರು ನನ್ನ ಮುಖ ನೋಡಿ ಹೀಗೆ ಕೇಳಿದರು. ಖುಷಿಪಡಬೇಕೋ, ಸಿಟ್ಟಾಗಬೇಕೋ ಗೊತ್ತಾಗಲಿಲ್ಲ. ಅನ್ನ ಅರ್ಧ ಮಾಡಿ, ಸಂಜೆಯ ಕರಿದ ತಿಂಡಿಗೆ ಕೈಮುಗಿದವನಿಗೆ ಸಿಕ್ಕ ಮೊದಲ ಸರ್ಟಿಫಿಕೇಟು ಇದು. "ಇಲ್ಲ, ಡಯಟ್ ಮಾಡ್ತಾ ಇದ್ದೇನೆ" ಅಂದೆ. ಅವರು ಹತ್ತಿರ ಬಂದು, ದನಿ ತಗ್ಗಿಸಿ, "ಶುಗರ್ ಬಂತಾ?" ಅಂದರು. ನಮ್ಮ ಕಡೆ ಮನುಷ್ಯ ಸಣ್ಣಗಾಗಲು ಎರಡೇ ಕಾರಣ. ಒಂದು ಶುಗರ್. ಇನ್ನೊಂದು ಮಗಳ ಮದುವೆ.

ಮನೆಗೆ ಹೋಗಿ ಇದನ್ನೇ ಹೇಳಿಕೊಂಡು ಸ್ವಲ್ಪ ಬೀಗೋಣ ಅಂದರೆ, ಬೆಂಗಳೂರಿಂದ ಬಂದ ಅಕ್ಕನ ಮಗ ಜಗುಲಿಯಲ್ಲಿ ಕೂತಿದ್ದ. "ಮಾವ, ಶುರುವಿಗೆ ಇಳಿಯೋದು ಹೆಚ್ಚಿನದೆಲ್ಲ ನೀರು" ಅಂದ. ಲಿವರಿನಲ್ಲಿ, ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ಒಂದು ದಾಸ್ತಾನು ಇರುತ್ತದಂತೆ. ಅದರ ಒಂದೊಂದು ಗ್ರಾಮೂ ಸುಮಾರು 3 ಗ್ರಾಂ ನೀರು ಹಿಡಿದುಕೊಂಡು ಕೂತಿರುತ್ತದಂತೆ. ಊಟ ಕಮ್ಮಿ ಮಾಡಿದ ಕೂಡಲೇ ಮೊದಲು ಖರ್ಚಾಗೋದು ಅದೇ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಲೆಕ್ಕ ಚುಕ್ತಾ ಆಗಬೇಕಂತೆ. ಎಲ್ಲಾ ಸರಿಯೇ. ಆದರೆ ಹೊಸದಾಗಿ ಹಸಿದು ಕೂತವನ ಎದುರು ಆಡುವ ಮಾತಾ ಇದು? ನೀರಾದರೇನು, ಇಷ್ಟು ದಿನ ಹೊತ್ತು ತಿರುಗಿದವನು ನಾನೇ ಅಲ್ವಾ?

ಅಷ್ಟಕ್ಕೂ ಒಣಗಿದರೆ ತೂಕ ಇಳಿಯುತ್ತದೆ ಅಂತ ಶಿರಸಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನನ್ನ ಚಿಕ್ಕಪ್ಪ ಪ್ರತಿ ವರ್ಷ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಹರವುತ್ತಿದ್ದರು. ಹೆಚ್ಚುಕಮ್ಮಿ ಒಂದೂವರೆ ತಿಂಗಳು ಬಿಸಿಲು ತಿಂದರೆ ಅದು ಚಾಲಿ. 100 ಕಿಲೋ ಹರವಿದರೆ ಒಣಗಿ, ಸುಲಿದು, ಕೈಗೆ ಸಿಗೋದು ಸುಮಾರು 20 ಕಿಲೋ. ಇದು ಚಿಕ್ಕಪ್ಪನಿಗೂ ಗೊತ್ತು, ಅವರ ಅಪ್ಪನಿಗೂ ಗೊತ್ತಿತ್ತು. ಆದರೂ ಪ್ರತಿ ವರ್ಷ ಹೊಸದಾಗಿ ಬೇಜಾರು. ಒಣಗಿದ್ದು ಸಾಕೋ ಸಾಲದೋ ನೋಡಲು ಒಂದು ಅಡಿಕೆ ಹೆಕ್ಕಿ ಕಿವಿ ಹತ್ತಿರ ಅಲ್ಲಾಡಿಸೋದು ಪದ್ಧತಿ. ಒಳಗಿನ ಅಡಿಕೆ ಸಿಪ್ಪೆ ಬಿಟ್ಟು ಗಲಗಲ ಅಂದರೆ ಆಯಿತು ಅಂತ ಲೆಕ್ಕ. ಚಿಕ್ಕಪ್ಪನಿಗೆ ಈ ಶಬ್ದ ಯಾವಾಗಲೂ ಒಂದು ವಾರ ಮೊದಲೇ ಕೇಳುತ್ತಿತ್ತು. ಚಿಕ್ಕಮ್ಮನಿಗೆ ಕೇಳುತ್ತಲೇ ಇರಲಿಲ್ಲ. "ಇನ್ನೆರಡು ಬಿಸಿಲು ಬೇಕು" ಅನ್ನೋರು. ಒಂದೊಂದು ಬಿಸಿಲಿಗೂ ತೂಕ ಹೋಗುತ್ತದೆ ಅಂತ ಚಿಕ್ಕಪ್ಪ, ಹಸಿ ಅಂತ ದರ ಕಡಿಯುತ್ತಾರೆ ಅಂತ ಚಿಕ್ಕಮ್ಮ. ಈ ಜಗಳದಲ್ಲಿ ಮನೆಯ ಮಕ್ಕಳೆಲ್ಲ ಸಾಕ್ಷಿ ಹೇಳಬೇಕಿತ್ತು. ನನಗೂ ಅಡಿಕೆ ಅಲ್ಲಾಡಿಸಲು ಕೊಡುತ್ತಿದ್ದರು. ಯಾರು ಬೆಲ್ಲ ಕೊಟ್ಟಿದ್ದರೋ ಅವರ ಪರವಾಗಿ ನನಗೆ ಕೇಳುತ್ತಿತ್ತು.

ಒಂದು ವರ್ಷ ಚಿಕ್ಕಮ್ಮನ ಮಾತು ನಡೆಯಿತು. ಅಡಿಕೆ ಚೆನ್ನಾಗಿ ಒಣಗಿತು. ವಖಾರಿಯಲ್ಲಿ ತೂಗಿದರೆ ಅಂದುಕೊಂಡದ್ದಕ್ಕಿಂತ ತೂಕ ಕಮ್ಮಿ ಬಂತು. ಚಿಕ್ಕಪ್ಪ ಕೆಂಡವಾದರು. ಹೆಂಡತಿಯ ಮೇಲಲ್ಲ, ಅಷ್ಟು ಧೈರ್ಯ ಇರಲಿಲ್ಲ, ವಖಾರಿಯ ತಕ್ಕಡಿ ಮೇಲೆ. ತಕ್ಕಡಿ ತೂಕ ತಿನ್ನುತ್ತದೆ ಅಂತ ಅಲ್ಲೇ ಗಲಾಟೆ ಮಾಡಿ, ಚೀಲ ಕೆಳಗಿಳಿಸಿ, ಚಪ್ಪಲಿ ಕಳಚಿ, ತಾವೇ ಹತ್ತಿ ನಿಂತರು. ತಮ್ಮ ತೂಕ ಎಷ್ಟು ಅಂತ ಅವರಿಗೆ ಬಾಯಿಪಾಠ ಇತ್ತು. ಅದಕ್ಕಿಂತ ಎರಡು ಕಿಲೋ ಕಮ್ಮಿ ತೋರಿಸಿತು. "ನೋಡಿ! ಸಿಕ್ಕಿಬಿತ್ತು!" ಅಂತ ಊರಿಡೀ ಹೇಳಿಕೊಂಡು ಬಂದರು. ಚಿಕ್ಕಮ್ಮ ಒಲೆ ಮುಂದಿನಿಂದ ಏಳಲೇ ಇಲ್ಲ. "ತಕ್ಕಡಿ ಸರಿಯಾಗೇ ಇದ್ದು. ಅಡಿಕೆ ಕೊನೆಕೊಯ್ಲು ಶುರುವಾದಾಗಿಂದ ಓಡಾಡಿ ಓಡಾಡಿ ಇಳಿದದ್ದು ಇವರು" ಅಂದರು. ಮಾರನೇ ದಿನ ಚಿಕ್ಕಪ್ಪ ಸುಮ್ನೆ ಹೋಗಿ ಶುಗರ್ ಪರೀಕ್ಷೆ ಮಾಡಿಸಿಕೊಂಡು ಬಂದರು. ಏನೂ ಇರಲಿಲ್ಲ. ಆದರೂ ಆ ತಕ್ಕಡಿಯನ್ನು ಅವರು ಕ್ಷಮಿಸಲಿಲ್ಲ.

ಇಂಥ ಊರಿನಲ್ಲಿ ಕೂತು ನಾನು ತೂಕ ಇಳಿಸಲು ಹೊರಟಿದ್ದೇನೆ. ತೂಕ ಕಮ್ಮಿ ಬಂತು ಅಂದರೆ ಜನ ನಷ್ಟ ಎಷ್ಟು ಅಂತ ಕೇಳುತ್ತಾರೆ.

ನಾನು ತಂದ ಕಾಟಾ ಬೇರೆ ಒಂದು ತರಲೆ. ನಮ್ಮದು ಹಳೇ ಮನೆ, ನೀರು ಹರಿದುಹೋಗಲಿ ಅಂತ ನೆಲಕ್ಕೆ ಇಳಿಜಾರು ಕೊಟ್ಟಿದ್ದಾರೆ. ನಡುಮನೆಯಲ್ಲಿ ಒಂದು ತೂಕ, ಬಚ್ಚಲ ಬಾಗಿಲಲ್ಲಿ ಇನ್ನೊಂದು. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಅದೇ ಒಳ್ಳೆ ಗತಿ ಅನ್ನುತ್ತಾರೆ. ಆದರೆ ಒಂದೇ ದಿನದಲ್ಲಿ ತೂಕ ಒಂದು ಕಿಲೋ ಹತ್ತಿ ಇಳಿಯೋದೂ ಮಾಮೂಲಂತೆ. ರಾತ್ರಿ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಜಾಸ್ತಿ ಬಿದ್ದರೆ ಸಾಕು, ಉಪ್ಪು ನೀರನ್ನು ಹಿಡಿದಿಟ್ಟು ಬೆಳಿಗ್ಗೆ ಕಾಟಾ ಮೇಲೆ ಚಾಡಿ ಹೇಳುತ್ತದೆ. ಹೀಗಿರುವಾಗ ಕಾಟಾ ದಶಾಂಶದ ಆಚೆ ಇನ್ನೊಂದು ಅಂಕಿ ತೋರಿಸೋದು ಯಾರನ್ನು ಉದ್ಧಾರ ಮಾಡಲಿಕ್ಕೆ?

ಸೊಂಟ ನೋಡಿ ಅಂತ ಅಳಿಯನ ಸಲಹೆ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದಂತೆ. ಪ್ಯಾಂಟ್ ಹಾಕುವವರ ಪುಣ್ಯ, ಬೆಲ್ಟಿನ ತೂತು ಹೇಳುತ್ತದೆ. ಪಂಚೆ ಉಡುವವನು ಎಂತ ಮಾಡಬೇಕು? ಪಂಚೆ ಯಾವ ಹೊಟ್ಟೆಗೂ ಹೊಂದಿಕೊಳ್ಳುತ್ತದೆ, ಯಾರನ್ನೂ ಎಚ್ಚರಿಸುವುದಿಲ್ಲ. ಮನುಷ್ಯ ಹದಿನೈದು ಕಿಲೋ ಹೆಚ್ಚಾಗುವವರೆಗೂ ಮುಚ್ಚಿಟ್ಟು ಕಾಯುತ್ತದೆ. ಇದ್ದುದರಲ್ಲಿ ಪ್ರಾಮಾಣಿಕ ಅಂದರೆ ಉಡಿದಾರ. ಮೊನ್ನೆ ಸ್ನಾನ ಮಾಡುವಾಗ ನೋಡಿದೆ, ಮೊದಲು ಹೊಟ್ಟೆಗೆ ಕಚ್ಚಿಕೊಂಡಿರುತ್ತಿದ್ದದ್ದು ಈಗ ಎರಡು ಬೆರಳು ಸಲೀಸಾಗಿ ಒಳಗೆ ಹೋಗುತ್ತವೆ. ಬಚ್ಚಲಿಂದಲೇ ಕೂಗಿ ಹೆಂಡತಿಗೆ ಹೇಳಿದೆ.

"ಗಂಟು ಜಾರಿರಬೇಕು. ಅದೂ ಹಳೇ ದಾರ" ಅಂದಳು.

ದಾರದ ಅಂಗಡಿಗೆ ಹೊರಟೆ. ಒಂದು ಟೇಪೂ ತಂದು ಈ ಮನೆಯ ಎಲ್ಲರ ಬಾಯಿ ಮುಚ್ಚಿಸುವ ಯೋಚನೆ ಇತ್ತು. "ಹಾಗೇ ಜೋನಿ ಬೆಲ್ಲ ತನ್ನಿ, ಮಾಣಿ ಬಂದಿದಾನೆ, ತೊಡೆದೇವು ಮಾಡ್ತೆ" ಅಂದಳು. ಆ ಸಿಹಿತಿಂಡಿ ನಾನು ತಿನ್ನುವುದಿಲ್ಲ ಅಂದೆ, ಸ್ವಲ್ಪ ಗಟ್ಟಿಯಾಗಿಯೇ. "ಅಯ್ಯೋ, ಅದು ಎಷ್ಟು ತೆಳುವು ಇರ್ತು, ಅದರಲ್ಲಿ ತೂಕ ಎಲ್ಲಿದ್ದು?" ಅಂದಳು. ಅಳಿಯ ಗ್ಲೈಕೋಜನ್ ಬಗ್ಗೆ ಈಗ ಬಾಯಿ ಬಿಡಬೇಕಿತ್ತು. ಮೊಬೈಲ್ ನೋಡುತ್ತಾ ಕೂತಿದ್ದ.