ಮುಂದೆ ಹೋಗಿ ಸ್ವಾಮಿ

ಸಿಟಿ ಬಸ್ಸಿನ ಕಂಡಕ್ಟರು ದಿನವಿಡೀ ಕೂಗುವ ಮಾತು ಒಂದೇ: "ಮುಂದೆ ಹೋಗಿ ಸ್ವಾಮಿ, ಮುಂದೆ ಖಾಲಿ ಇದೆ." ಯಾರೂ ಕದಲುವುದಿಲ್ಲ. ಅಮೆರಿಕದ ಯುಎಸ್‌ಜಿಎ ಮತ್ತು ಪಿಜಿಎ ಆಫ್ ಅಮೆರಿಕ ಎಂಬೆರಡು ಸಂಸ್ಥೆಗಳು 2011ರಲ್ಲಿ ಗಾಲ್ಫ್ ಆಡುವವರಿಗೆ ಇದೇ ಮಾತನ್ನು 'ಟೀ ಇಟ್ ಫಾರ್ವರ್ಡ್' (ಮುಂದಿನಿಂದ ಆಟ ಶುರುಮಾಡಿ) ಎಂಬ ಹೆಸರಿನಲ್ಲಿ ಕೂಗಿ ಹೇಳಿದವು. ಕೂಗು ಎಲ್ಲರ ಕಿವಿಗೂ ಬಿತ್ತು. ಕಾಲು ಮಾತ್ರ ಸುಲಭಕ್ಕೆ ಏಳುವುದಿಲ್ಲ.

ಗಾಲ್ಫಿನಲ್ಲಿ ಚೆಂಡನ್ನು ಹೊಡೆದು ಕುಳಿಗೆ ಸೇರಿಸುವ ಒಂದೊಂದು ಹಾದಿಗೂ ಹೋಲ್ ಎನ್ನುತ್ತಾರೆ. ಪ್ರತಿ ಹೋಲ್ ಶುರುವಾಗುವ ಕಡೆ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಗಲಿಗಳಿರುತ್ತವೆ, ಅವೇ ಟೀಗಳು. ಅವುಗಳ ಮೇಲೆ ಒಂದೇ ಬಣ್ಣದ ಎರಡೆರಡು ಗುರುತು. ನಮ್ಮ ಕಡೆ ಸಾಮಾನ್ಯವಾಗಿ ತೀರಾ ಹಿಂದೆ ಕಪ್ಪು ಅಥವಾ ನೀಲಿ, ನಡುವೆ ಬಿಳಿ, ಮುಂದೆ ಕೆಂಪು. ಇಂಥ ಬಣ್ಣವೇ ಇರಬೇಕೆಂದು ನಿಯಮವೇನಿಲ್ಲ. ತೀರಾ ಹಿಂದಿನ ಟೀಗೂ ತೀರಾ ಮುಂದಿನದಕ್ಕೂ 18 ಹೋಲ್ ಸೇರಿಸಿ ಲೆಕ್ಕ ಹಾಕಿದರೆ ಸಾವಿರ, ಸಾವಿರದೈನೂರು ಗಜದ ಅಂತರ ಬರುವುದುಂಟು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಕಾಲಿನ ಉದ್ದವನ್ನೇನೂ ಮಾಡಲಾಗದು. ಆದರೆ ಮೂರು ನಾಲ್ಕು ಹಾಸಿಗೆ ಹಾಸಿಟ್ಟಿದ್ದಾರೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಆದರೂ ಜನ ಉದ್ದದ ಹಾಸಿಗೆಗೇ ಹೋಗಿ ಮಲಗುತ್ತಾರೆ.

ಆರಿಸಲು ಒಂದು ಸುಲಭ ಲೆಕ್ಕವಿದೆ. ನಿಮ್ಮ 5 ಐರನ್ (ಮಧ್ಯಮ ದೂರಕ್ಕೆ ಬಳಸುವ ಕೋಲು) ಹೊಡೆತ ಎಷ್ಟು ಗಜ ಹೋಗುತ್ತದೋ ಅದನ್ನು 36ರಿಂದ ಗುಣಿಸಿ. 150 ಗಜವಾದರೆ 5,400. 18 ಹೋಲ್ ಸೇರಿ ಅಷ್ಟು ಉದ್ದದ ಆಸುಪಾಸಿನಲ್ಲಿರುವ ಟೀ ನಿಮ್ಮದು. 36 ಎಲ್ಲಿಂದ ಬಂತು? ಪಾರ್ ಎಂದರೆ ನುರಿತ ಆಟಗಾರನಿಗೆ ಬೇಕಾಗುವ ಹೊಡೆತಗಳ ಲೆಕ್ಕ. ಪಾರ್ 72ರ ಮೈದಾನದಲ್ಲಿ ಸಾಮಾನ್ಯವಾಗಿ ನಾಲ್ಕು ಪಾರ್ 3, ಹತ್ತು ಪಾರ್ 4, ನಾಲ್ಕು ಪಾರ್ 5. ಗ್ರೀನ್ (ಕುಳಿ ಇರುವ ನುಣ್ಣನೆಯ ಹುಲ್ಲು) ಮುಟ್ಟಲು ಕ್ರಮವಾಗಿ ಒಂದು, ಎರಡು, ಮೂರು ಹೊಡೆತ. ನಾಲ್ಕು, ಇಪ್ಪತ್ತು, ಹನ್ನೆರಡು, ಕೂಡಿದರೆ 36. ಉಳಿದ 36 ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟ್ಟಿಂಗಿಗೆ. ಡ್ರೈವರ್ ಎಂಬ ಉದ್ದ ಕೋಲಿನ ಹೊಡೆತ ದೂರ ಹೋಗುತ್ತದೆ, ವೆಜ್ ಎಂಬ ಗಿಡ್ಡ ಕೋಲಿನದು ಹತ್ತಿರ ಬೀಳುತ್ತದೆ, ಸರಾಸರಿ ಹೊಡೆತ 5 ಐರನ್ನಿನಷ್ಟು. ಡ್ರೈವರಿನಿಂದಲೇ ಅಳೆಯುವವರಿಗೆ ಟೀ ಇಟ್ ಫಾರ್ವರ್ಡ್ ಪಟ್ಟಿ ಇದೆ: 200 ಗಜ ಹೊಡೆಯುವವರಿಗೆ 5,200ರಿಂದ 5,400, 225ಕ್ಕೆ 5,800ರಿಂದ 6,000, 250ಕ್ಕೆ 6,200ರಿಂದ 6,400. ಎರಡು ದಾರಿಯೂ ಹೆಚ್ಚುಕಡಿಮೆ ಒಂದೇ ಊರಿಗೆ ಹೋಗುತ್ತವೆ.

ಕಷ್ಟ ಇರುವುದು ಗುಣಾಕಾರದಲ್ಲಲ್ಲ, ಗುಣಿಸುವ ಅಂಕಿಯಲ್ಲಿ. "ನಿಮ್ಮ ಡ್ರೈವರ್ ಎಷ್ಟು ಹೋಗುತ್ತೆ?" ಎಂದು ಕೇಳಿದರೆ ಮನುಷ್ಯ ಹೇಳುವುದು ಇಳಿಜಾರಿನಲ್ಲಿ, ಗಾಳಿ ಬೆನ್ನಿಗಿದ್ದಾಗ, ಚೆಂಡು ಆಟಗಾರರ ಗಾಡಿ ಓಡಾಡುವ ಗಟ್ಟಿ ದಾರಿಯ ಮೇಲೆ ಬಿದ್ದು ಪುಟಿದ ಆ ಒಂದು ಹೊಡೆತದ ದೂರ. ಅಳೆಯಬೇಕಾದ ರೀತಿ ಬೇರೆ. ಹತ್ತು ಚೆಂಡು ಹೊಡೆದು, ಒಳ್ಳೆಯ ಎರಡನ್ನೂ ಕೆಟ್ಟ ಎರಡನ್ನೂ ಬಿಟ್ಟು ಉಳಿದ ಆರರ ಸರಾಸರಿ ತೆಗೆಯಬೇಕು. ಚೆಂಡು ಗಾಳಿಯಲ್ಲಿ ಹೋದದ್ದು ಬೇರೆ, ಬಿದ್ದಮೇಲೆ ಉರುಳಿದ್ದು ಬೇರೆ. ಫೆಬ್ರುವರಿಯ ಗಟ್ಟಿ ನೆಲದಲ್ಲಿ ಇಪ್ಪತ್ತು ಗಜ ಉರುಳುವ ಚೆಂಡು ಜುಲೈನ ಮಡಿಕೇರಿಯಲ್ಲಿ ಬಿದ್ದಲ್ಲೇ ಹೂತುಕೊಳ್ಳುತ್ತದೆ. ಅಂಥ ದಿನ ಒಂದು ಬಣ್ಣ ಮುಂದೆ ಬಂದರೆ ಅವಮಾನವೇನಿಲ್ಲ. ಎತ್ತರವೂ ಲೆಕ್ಕಕ್ಕೆ ಬರುತ್ತದೆ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಅಲ್ಲಿನ ತೆಳುಗಾಳಿಯಲ್ಲಿ 200 ಗಜದ ಹೊಡೆತಕ್ಕೆ ಆರೇಳು ಗಜ ಪುಕ್ಕಟೆ ಸಿಗುತ್ತದೆ. ಮಂಗಳೂರಿಗಿಳಿದರೆ ಅದು ವಾಪಸ್.

ತಪ್ಪು ಟೀಯಿಂದ ಆಡಿದರೆ ಏನಾಗುತ್ತದೆ ಎನ್ನುವುದಕ್ಕೆ 410 ಗಜದ ಒಂದು ಪಾರ್ 4 ಸಾಕು. ನೀಲಿಯಿಂದ 200 ಗಜದ ಒಳ್ಳೆಯ ಡ್ರೈವ್ ಬಿತ್ತು. ಉಳಿದದ್ದು 210. ಚೀಲದಲ್ಲಿರುವ ಅತಿ ದೊಡ್ಡ ಫೇರ್‌ವೇ ವುಡ್ (ನೆಲದ ಮೇಲಿನ ಚೆಂಡನ್ನು ದೂರ ಹೊಡೆಯುವ ಕೋಲು) ಹೋಗುವುದೇ 180. ಅಂದರೆ ಎರಡು ಅಚ್ಚುಕಟ್ಟಾದ ಹೊಡೆತ ಹೊಡೆದರೂ ಗ್ರೀನ್ ಸಿಗುವುದಿಲ್ಲ. ಸಿಗುವುದಿಲ್ಲ ಎಂದು ಗೊತ್ತಿದ್ದೂ ಮೈಯೆಲ್ಲ ಬಲ ಹಾಕಿ ಬೀಸುತ್ತಾರೆ. ಚೆಂಡಿನ ನೆತ್ತಿಗೆ ಬಡಿದು ಅದು ಹುಲ್ಲಿನ ಮೇಲೆ ಅರವತ್ತು ಗಜ ತೆವಳುತ್ತದೆ. ಆಮೇಲೆ ಮತ್ತೊಂದು ಹೊಡೆತ. ಅದೇ ಹೋಲ್ ಮುಂದಿನ ಟೀಯಿಂದ 345 ಆಗಿದ್ದರೆ ಉಳಿಯುತ್ತಿದ್ದದ್ದು 145. ಒಂದು ಐರನ್, ಗ್ರೀನಿನ ಮೇಲೆ ಮೇಲಿನಿಂದ ಬಿದ್ದು ನಿಲ್ಲುವಂಥ ಹೊಡೆತ. ಮೈದಾನ ಅಳೆಯುವವರು ಇಟ್ಟುಕೊಂಡಿರುವ ಲೆಕ್ಕವೂ ಇದೇ: ಸುಮಾರು 20 ಹ್ಯಾಂಡಿಕ್ಯಾಪಿನ (ಪಾರ್‌ಗಿಂತ ಇಪ್ಪತ್ತರಷ್ಟು ಹೊಡೆತ ಹೆಚ್ಚು ಬೇಕಾಗುವ) ಗಂಡಸು ಡ್ರೈವ್ 200, ಎರಡನೆಯದು 170, ಒಟ್ಟು 370 ಗಜದ ಹೋಲನ್ನು ಎರಡರಲ್ಲಿ ಮುಟ್ಟುತ್ತಾನೆ ಎಂದು ಹಿಡಿಯುತ್ತಾರೆ. ಅದರಾಚೆ ಆಸೆ, ಅಷ್ಟೆ. ಆಟಗಾರರ ಚೀಲ ಹೊರುವ ಕ್ಯಾಡಿಗಳು ಮೊದಲನೇ ಹೋಲಿನಲ್ಲೇ ಇದನ್ನೆಲ್ಲ ಅಳೆದಿರುತ್ತಾರೆ. "ಸಾರ್, ಇವತ್ತು ವೈಟಿಂದ ಆಡೋಣ್ವಾ?" ಎಂದು ಕ್ಯಾಡಿ ಕೇಳಿದರೆ ಅದನ್ನು ಪ್ರಶ್ನೆ ಎಂದುಕೊಳ್ಳಬಾರದು.

ಮುಂದೆ ಬಂದರೆ ಬಂಕರುಗಳು ಅಡ್ಡ ಬರುತ್ತವೆ ಎನ್ನುವ ಆಕ್ಷೇಪ ಸುಳ್ಳಲ್ಲ. ಹಿಂದಿನ ಟೀಯಿಂದ 240 ಗಜದಲ್ಲಿರುವ ಮರಳಿನ ಗುಂಡಿಗೆ 200 ಗಜದವನು ಬೀಳುವುದೇ ಇಲ್ಲ. ಮುಂದೆ ಬಂದರೆ ನೇರ ಅದರೊಳಗೆ. ಆದರೆ ಆ ಗುಂಡಿ ತೋಡಿದ್ದೇ ಡ್ರೈವರ್ ತೆಗೆಯಲೋ ಬೇಡವೋ ಎಂದು ಆಟಗಾರನನ್ನು ಯೋಚನೆಗೆ ಹಚ್ಚಲು.

ಇನ್ನು ಕೆಂಪು. ಅದಕ್ಕೆ 'ಲೇಡೀಸ್ ಟೀ' ಎಂದು ಹೆಸರಿಟ್ಟದ್ದರಿಂದ ಎರಡು ಕಡೆಯೂ ಕೆಟ್ಟಿತು. ಎಪ್ಪತ್ತು ದಾಟಿ ಸೊಂಟ ಹಿಡಿದ ಗಂಡಸು ಅಲ್ಲಿಗೆ ಹೋಗಲು ನಾಚುತ್ತಾನೆ. ಹೆಂಗಸರಿಗಾದರೂ ಅನುಕೂಲವಾಯಿತೇ ಎಂದರೆ ಅದೂ ಇಲ್ಲ. ಸಾಮಾನ್ಯ ಆಟಗಾರ್ತಿಯ ಡ್ರೈವ್ 150 ಗಜ ಎಂದು ಹಿಡಿದರೆ ಅದೇ ಪಟ್ಟಿಯ ಪ್ರಕಾರ ಆಕೆಗೆ 3,500ರಿಂದ 3,700 ಗಜದ ಮೈದಾನ ಸಾಕು. ಎಷ್ಟೋ ಕಡೆ ಕೆಂಪೇ 5,200 ಗಜ. 200 ಗಜ ಹೊಡೆಯುವ ಗಂಡಸಿಗೆ ಇದನ್ನು ಹೊಂದಿಸಿದರೆ ಸುಮಾರು 6,900 ಗಜ! ಅಷ್ಟು ದೂರದಿಂದ ಅವನನ್ನು ಒಂದು ವಾರ ಆಡಿಸಿದರೆ ಕ್ಲಬ್ಬಿನ ಕಮಿಟಿ ಸಭೆಯಲ್ಲಿ ಹೊಸ ಟೀ ಕಟ್ಟುವ ಠರಾವು ತಾನಾಗಿ ಪಾಸಾಗುತ್ತದೆ. ಹೊಡೆತ ಗಿಡ್ಡವಾದರೆ ಆಟವೂ ಗಿಡ್ಡ ಎಂದುಕೊಳ್ಳುವವರು ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯಬೇಕು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಮಗಿಂತ ಬಹಳ ದೂರ ಹೊಡೆಯುವವರ ನಡುವೆ ಪಟ್ಟರ್ ಹಿಡಿದೇ ನಾಲ್ಕನೇ ಸ್ಥಾನಕ್ಕೆ ಬಂದರು.

ಒಬ್ಬ ನೀಲಿ, ಒಬ್ಬ ಬಿಳಿ ಎಂದಾದರೆ ಪಂದ್ಯ ಕಟ್ಟುವುದು ಹೇಗೆ? ಅದಕ್ಕೂ ಲೆಕ್ಕವಿದೆ. ಹ್ಯಾಂಡಿಕ್ಯಾಪ್ ಇಂಡೆಕ್ಸನ್ನು ಆ ಟೀಯ ಸ್ಲೋಪಿನಿಂದ (ಸಾಮಾನ್ಯ ಆಟಗಾರನಿಗೆ ಅದು ಎಷ್ಟು ಕಠಿಣ ಎನ್ನುವ ಅಂಕಿ) ಗುಣಿಸಿ, 113ರಿಂದ ಭಾಗಿಸಿ, ಕೋರ್ಸ್ ರೇಟಿಂಗಿನಿಂದ (ನುರಿತ ಆಟಗಾರನಿಗೆ ಅಲ್ಲಿಂದ ಬೇಕಾಗುವ ಹೊಡೆತ) ಪಾರ್ ಕಳೆದು ಬಂದದ್ದನ್ನು ಕೂಡಿಸಬೇಕು. ಪಾರ್ 72, ಇಂಡೆಕ್ಸ್ 18 ಎಂದಿಟ್ಟುಕೊಳ್ಳಿ. ನೀಲಿಯ ರೇಟಿಂಗ್ 72.4, ಸ್ಲೋಪ್ 132 ಆದರೆ 21 ಹೊಡೆತದ ರಿಯಾಯಿತಿ. ಬಿಳಿಯ ರೇಟಿಂಗ್ 70, ಸ್ಲೋಪ್ 125 ಆದರೆ 18. ಮುಂದೆ ಬಂದವನಿಗೆ ಮೂರು ಹೊಡೆತ ಖೋತಾ. ಆದ್ದರಿಂದ ಮುಂದಿನಿಂದ ಆಡಿ ಗೆದ್ದವನನ್ನು ಮೋಸಗಾರ ಎನ್ನುವಂತಿಲ್ಲ.

ಒಮ್ಮೆ ಆರಿಸಿದ ಮೇಲೆ ಮರೆಯಬಾರದ ಒಂದು ಸಂಗತಿ. ಚೆಂಡು ಎರಡು ಗುರುತುಗಳ ನಡುವಿನ ಗೆರೆಯಿಂದ ಹಿಂದಕ್ಕೆ ಎರಡು ಕೋಲುದ್ದದೊಳಗೆ ಇರಬೇಕು. ಕಾಲು ಹೊರಗಿದ್ದರೂ ನಡೆಯುತ್ತದೆ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಬೇರೆ ಬಣ್ಣದಿಂದ ಹೊಡೆದರೆ ಎರಡು ಹೊಡೆತ ದಂಡ, ಜೊತೆಗೆ ಸರಿಯಾದ ಜಾಗಕ್ಕೆ ಬಂದು ಮತ್ತೆ ಹೊಡೆಯಬೇಕು. ಹುಲ್ಲು ಸವೆಯದಂತೆ ಮಾಲಿಗಳು ಗುರುತುಗಳನ್ನು ಆಗಾಗ ಸರಿಸುತ್ತಿರುತ್ತಾರೆ, ಹಾಗಾಗಿ ಕಾರ್ಡಿನಲ್ಲಿ ಅಚ್ಚಾದ ಗಜ ಇವತ್ತಿನ ಗಜವಲ್ಲ.

ಬಣ್ಣದ ಈ ಮುಜುಗರವೇ ಬೇಡವೆಂದು ಕೆಲವು ದೇಶಗಳ ಕ್ಲಬ್ಬುಗಳು ಟೀಗಳಿಗೆ ಅಂಕಿ ಕೊಟ್ಟಿವೆ, ಬೇರೆ ಹೆಸರೂ ಇಟ್ಟಿವೆ. ನಮ್ಮಲ್ಲಿ ಮರಗಳ ಹೆಸರಿಡಬಹುದು: ಹಿಂದಿನದು ಆಲ, ನಡುವಿನದು ಮಾವು, ಮುಂದಿನದು ಹೊಂಗೆ. ಒಂದು ತಿಂಗಳು ಚೆನ್ನಾಗಿರುತ್ತದೆ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಯಾರಾದರೂ ಗ್ಲೌಸ್ ಹಾಕಿಕೊಳ್ಳುತ್ತಾ ಕೇಳುತ್ತಾರೆ: "ಏನ್ರೀ, ಹೊಂಗೆಗೆ ಬಂದ್ಬಿಟ್ರಾ?"