ಮಾವನವರೂ ಮದಾಮ್ ಜನೆಟ್ಟೂ

ನೆದರ್ಲೆಂಡ್ಸಿನಲ್ಲಿ ಮಧ್ಯಾಹ್ನದ ಊಟವೆಂದರೆ ಎರಡು ಬ್ರೆಡ್ಡು, ನಡುವೆ ಒಂದು ತೆಳು ಚೀಸು. ಅದನ್ನು ಊಟವೆಂದು ಕರೆಯಲು ದಾವಣಗೆರೆಯಿಂದ ಬಂದ ನಮ್ಮ ಮಾವನವರು ಸುತರಾಂ ಒಪ್ಪಲಿಲ್ಲ. ಹಾಗಾಗಿ ದಿ ಹೇಗ್ ನಗರದ ಒಂದು ಸುರಿನಾಮಿ ಹೋಟೆಲಿಗೆ ಕರೆದುಕೊಂಡು ಹೋದೆವು. ಬಾಗಿಲು ತೆರೆದೊಡನೆ ಜೀರಿಗೆ, ಬೆಳ್ಳುಳ್ಳಿಯ ಘಮ. “ಇದು ನಮ್ಮದೇ ಅಡುಗೆ” ಎಂದು ಮಾವನವರು ಕುಳಿತುಕೊಳ್ಳುವ ಮೊದಲೇ ತೀರ್ಪು ಕೊಟ್ಟರು.

ತೀರ್ಪಿನಲ್ಲಿ ಕಾಲುಭಾಗ ಸತ್ಯವಿತ್ತು. ದಕ್ಷಿಣ ಅಮೆರಿಕದಲ್ಲಿದ್ದ ಡಚ್ ವಸಾಹತು ಸುರಿನಾಮ್‌ಗೆ 1873ರಲ್ಲಿ ಕಲ್ಕತ್ತೆಯಿಂದ ‘ಲಲ್ಲಾ ರೂಖ್’ ಎಂಬ ಹಡಗು ಕರಾರಿನ ಕೂಲಿಗಳನ್ನು ಹೊತ್ತು ಹೋಯಿತು. 1916ರ ತನಕ ಹಾಗೆ ಹೋದವರು ಸುಮಾರು 34,000 ಮಂದಿ. ಬಹುಪಾಲು ಈಗಿನ ಉತ್ತರಪ್ರದೇಶ, ಬಿಹಾರದ ಕಡೆಯವರು. 1890ರಿಂದ ಜಾವಾದವರೂ ಬಂದರು. ಆಫ್ರಿಕಾದಿಂದ ಗುಲಾಮರಾಗಿ ತಂದವರ ಸಂತತಿ, ಚೀನೀಯರು ಮೊದಲೇ ಇದ್ದರು. 1975ರ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಇವರಲ್ಲಿ ಬಹಳ ಜನ ನೆದರ್ಲೆಂಡ್ಸಿಗೆ ಬಂದಿಳಿದರು. ಅದಕ್ಕೇ ಮೆನುವಿನಲ್ಲಿ ರೋಟಿಯ ಕೆಳಗೆ ಬಾಮಿ ನೂಡಲ್ಸ್, ಅದರ ಕೆಳಗೆ ಪೋಮ್. ಕೆಸುವಿನ ಬಳಗದ ಗೆಡ್ಡೆಯನ್ನು ತುರಿದು, ಹುಳಿಹಣ್ಣಿನ ರಸ ಬೆರೆಸಿ, ನಡುವೆ ಕೋಳಿಮಾಂಸವಿಟ್ಟು ಓವನ್ನಿನಲ್ಲಿ ಬೇಯಿಸುವ ಈ ಪೋಮ್ ಇಲ್ಲದೆ ಹುಟ್ಟುಹಬ್ಬವೇ ಇಲ್ಲ ಎನ್ನುವುದು ಸುರಿನಾಮಿಗಳ ಮಾತು. ನಮ್ಮವರು ಆ ಸಾಲನ್ನು ಆಸೆಯಿಂದ ಓದಿ, ಪಕ್ಕದಲ್ಲಿ ಅಪ್ಪ ಕುಳಿತಿರುವುದು ನೆನಪಾಗಿ, “ಮೂರು ಶಾಕಾಹಾರಿ ರೋಟಿ” ಎಂದರು.

ಮಾವನವರು ಗಲ್ಲಾದ ಹಿಂದಿದ್ದ ಹಿರಿಯ ಹೆಂಗಸಿನೊಡನೆ ದೂರದರ್ಶನದ ಹಿಂದಿಯಲ್ಲಿ ಮಾತಿಗಿಳಿದರು. ಆಕೆ ಭೋಜಪುರಿ, ಅವಧೀ ಭಾಷೆಗಳ ಬೇರಿನ ಸರ್ನಾಮಿ ನುಡಿಯಲ್ಲಿ ಉತ್ತರಿಸಿದರು. ಇಬ್ಬರಿಗೂ ಏನೂ ಅರ್ಥವಾಗದಿದ್ದರೂ ಇಬ್ಬರಿಗೂ ಪರಮ ಸಂತೋಷವಾಯಿತು.

ತಟ್ಟೆ ಬಂತು. ಬೇಳೆ ತುಂಬಿ ಕರವಸ್ತ್ರದಂತೆ ಮಡಚಿದ ರೋಟಿ, ಆಲೂಗಡ್ಡೆ, ಉದ್ದನೆಯ ಅಲಸಂದೆಕಾಯಿ ಪಲ್ಯ. ಮಾವನವರು ಹಳದಿ ಮಸಾಲೆಯಲ್ಲಿ ಮಿಂದ ಒಂದು ದುಂಡನೆಯ ಆಲೂಗಡ್ಡೆಯನ್ನು ಮುರಿಯಹೋದರು. ಅದು ಮೊಟ್ಟೆ! ನಮ್ಮವರು ಗಿಡುಗನಂತೆ ಎರಗಿ ಅದನ್ನು ಅಪಹರಿಸಿದರು. ದೂರಿದಾಗ ಆಕೆಗೇ ಆಶ್ಚರ್ಯ: “ಮಾಂಸ ಹಾಕಿಲ್ಲವಲ್ಲ!” ಮೂರು ತಟ್ಟೆಯ ಮೂರೂ ಮೊಟ್ಟೆಗಳು ಪೋಮ್ ತಪ್ಪಿದ ನಮ್ಮವರ ಹೊಟ್ಟೆ ಸೇರಿದವು. ಸೇವೆಯೆಂದೇ ತಿಂದೆ ಎಂದು ಅವರು ಈಗಲೂ ಹೇಳುತ್ತಾರೆ.

ಮಾವನವರಿಗೆ ಸಮಾಧಾನಕ್ಕೆಂದು ಹೊಸ ತಟ್ಟೆಯ ಜೊತೆ ಬಾರಾ ತರಿಸಿದೆವು. ಉದ್ದಿನ ಹಿಟ್ಟಿನ ವಡೆಯೇ ಅದು. ಒಳಗೆ ಕೆಸುವಿನಂಥ ಸೊಪ್ಪು. “ಖಾರ ಬೇಕೇ?” ಎಂದು ಆಕೆ ಕೇಳಿದರು. ಮಂಡಕ್ಕಿ, ಮಿರ್ಚಿಯ ಊರಿನವರನ್ನು ಕೇಳುವ ಪ್ರಶ್ನೆಯೇ ಇದು? “ಹಾಕಮ್ಮ, ಧಾರಾಳವಾಗಿ ಹಾಕು” ಎಂದು ಮಾವನವರು ಅಚ್ಚ ಕನ್ನಡದಲ್ಲೇ ಅಪ್ಪಣೆ ಕೊಟ್ಟರು. ಈ ಒಂದು ಮಾತು ಮಾತ್ರ ಆಕೆಗೆ ಚೆನ್ನಾಗಿ ಅರ್ಥವಾಯಿತು.

ಸುರಿನಾಮಿಗಳ ಮೆಣಸಿನಕಾಯಿಯ ಹೆಸರು ಮದಾಮ್ ಜನೆಟ್. ನೋಡಲು ಹಳದಿಯ ಪುಟ್ಟ ದಪ್ಪ ಮೆಣಸಿನಕಾಯಿ, ಮೂಸಿದರೆ ಹಣ್ಣಿನ ಪರಿಮಳ, ಕುಲದಲ್ಲಿ ಹಬನೇರೊ ಎಂಬ ಉರಿಖಾರದ ಮೆಣಸಿನಕಾಯಿಯ ದಾಯಾದಿ. ಬಣ್ಣಕ್ಕೆ ಹೆಸರಾದ ನಮ್ಮ ಬ್ಯಾಡಗಿ ಇದರೆದುರು ಸಾಧು ಪ್ರಾಣಿ. ಮೊದಲ ತುತ್ತಿಗೆ ಮಾವನವರು, “ಏನಿಲ್ಲ, ಸಪ್ಪೆ” ಎಂದರು. ಎರಡನೆಯದಕ್ಕೆ ಮಾತು ನಿಂತಿತು. ಮೂರನೆಯದಕ್ಕೆ ಕನ್ನಡಕ ತೆಗೆದಿಟ್ಟರು.

ಆಕೆ ಓಡಿ ಬಂದು ಒಂದು ಬಾಟಲಿ ಮುಂದಿಟ್ಟರು. ಚೀಟಿಯಲ್ಲಿ ಗೆಂಬರ್‌ಬಿಯರ್ ಎಂದಿತ್ತು. ಅದು ಬರಿಯ ಶುಂಠಿ ಪಾನಕ ಎಂದು ನಾನು ಎಷ್ಟು ಹೇಳಿದರೂ ಮಾವನವರ ಕಣ್ಣು ಕೊನೆಯ ಅಕ್ಷರಗಳ ಮೇಲೇ ನಿಂತಿತ್ತು. ಕಣ್ಣೀರು ಸುರಿಸುತ್ತಲೇ ಎರಡೂ ಕೈ ಮುಗಿದು ನಿರಾಕರಿಸಿದರು. ಒಳ್ಳೆಯದೇ ಆಯಿತೆನ್ನಿ, ಉರಿಯುವ ನಾಲಿಗೆಗೆ ಶುಂಠಿ ಯಾವ ಉಪಕಾರ ಮಾಡುತ್ತಿತ್ತು? ಕೊನೆಗೆ ಜಾವಾದವರ ದಾವೆತ್ ಬಂತು: ತೆಂಗಿನ ಹಾಲು, ಗುಲಾಬಿ ಬಣ್ಣ, ಮಜ್ಜಿಗೆಹುಲ್ಲಿನ ಪರಿಮಳ. ಎರಡು ಲೋಟ ಕುಡಿದ ಮೇಲೆ ಮಾವನವರಿಗೆ ಸ್ವರ ಬಂತು.

“ನೋಡಮ್ಮ, ಆ ಮೆಣಸಿನಕಾಯಿಯ ಬೀಜ ನಾಲ್ಕು ಸಿಗುತ್ತದೆಯೇ ಕೇಳು. ಸಂಜೆ ವಾಕಿಂಗಿಗೆ ಬರುವ ನಮ್ಮ ರಾಯರು ಖಾರದ ಬಗ್ಗೆ ಬಹಳ ಮಾತಾಡುತ್ತಾರೆ.”