ನೆನಪಲ್ಲ, ಪ್ರಾಂಪ್ಟ್ ಬುಕ್ ಮುಖ್ಯ

ನಾಟಕದ ಪ್ರದರ್ಶನವನ್ನು ತೆರೆಮರೆಯಿಂದ ನಡೆಸುವ ಸ್ಟೇಜ್ ಮ್ಯಾನೇಜರ್‌ಗೆ ಒಳ್ಳೆ ನೆನಪಿನ ಶಕ್ತಿ ಇದ್ದರೆ ಸಾಕು ಅಂತ ಆ ಕೆಲಸದ ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನೆನಪನ್ನು ನಂಬಿ ಕೂತರೆ ಈ ಕೆಲಸ ನಡೆಯುವುದಿಲ್ಲ. ಯಾರು ಎಲ್ಲಿಂದ ಬರುತ್ತಾರೆ, ಯಾವ ಮಾತಿಗೆ ಲೈಟ್ ಬದಲಾಗುತ್ತದೆ, ಯಾವ ಸದ್ದು ಎಲ್ಲಿ ನಿಲ್ಲುತ್ತದೆ, ಎಲ್ಲವೂ ಈ ಗುರುತುಗಳನ್ನು ಬರೆದಿಡುವ ನಾಟಕದ ಪ್ರತಿಯಾದ ಪ್ರಾಂಪ್ಟ್ ಬುಕ್‌ನಲ್ಲಿ ಇರಬೇಕು. ಅದೂ ಪೆನ್ಸಿಲ್‌ನಲ್ಲೇ ಬರೆಯಿರಿ, ತಾಲೀಮಿನಲ್ಲಿ ಇವತ್ತಿನ ನಡೆ ನಾಳೆಗೆ ಇರುವುದಿಲ್ಲ. ನೀವು ಜ್ವರ ಬಂದು ಮಲಗಿದರೂ ಇನ್ನೊಬ್ಬರು ಆ ಪುಸ್ತಕ ನೋಡಿ ಪ್ರದರ್ಶನ ನಡೆಸುವಂತಿರಬೇಕು, ಅಲ್ವಾ?

ಕ್ಯೂ, ಅಂದರೆ ಲೈಟ್ ಅಥವಾ ಸದ್ದು ಬದಲಿಸುವ ಸೂಚನೆ, ಕೊಡುವುದನ್ನು ಲೇಖನ ಒಂದೇ ಸಾಲಿನಲ್ಲಿ ಮುಗಿಸಿದೆ. ನನಗೆ ಅದೇ ಈ ಕೆಲಸದ ಜೀವ. ಮೊದಲು 'ಸ್ಟ್ಯಾಂಡ್‌ಬೈ, ಲೈಟ್ 24' (24ನೇ ಲೈಟ್ ಕ್ಯೂಗೆ ಸಿದ್ಧವಾಗಿರಿ) ಅನ್ನಬೇಕು. ಆಪರೇಟರ್ ಉತ್ತರ ಕೊಡಬೇಕು. ಆಮೇಲೆ ಸರಿಯಾದ ಕ್ಷಣಕ್ಕೆ 'ಲೈಟ್ 24, ಗೋ'. 'ಗೋ' ಕೊನೆಯಲ್ಲೇ ಬರಬೇಕು, ಯಾಕೆಂದರೆ ಆಪರೇಟರ್ ಬೆರಳು ಆ ಪದಕ್ಕೇ ಕಾದಿರುತ್ತದೆ. ಹೆಡ್‌ಸೆಟ್‌ನಲ್ಲಿ ಬೇರೆ ಯಾವುದಕ್ಕೂ ಆ ಪದ ಬಳಸಬೇಡಿ. ಸುಮ್ನೆ ಹರಟುತ್ತಾ ಅಂದರೂ ದೃಶ್ಯದ ನಡುವೆ ದೀಪ ಆರಿಹೋಗಬಹುದು. ನಟರ ಉಸಿರು ಗಮನಿಸಿ ಕ್ಯೂ ಕೊಡುವುದನ್ನು ಕಲಿತ ಮೇಲೆ ನನಗೆ ಈ ಕೆಲಸದ ಮೇಲೆ ಪ್ರೀತಿ ಇನ್ನೂ ಜಾಸ್ತಿಯಾಯಿತು.

ನಟರು ರಂಗದ ಮೇಲೆ ಬಳಸುವ ವಸ್ತುಗಳನ್ನಿಡುವ ಪ್ರಾಪ್ಸ್ ಮೇಜಿಗೆ ಬಿಳಿ ಕಾಗದ ಹಾಸಿ, ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದು ಹೆಸರು ಬರೆಯಿರಿ. ಏನು ಕಾಣೆಯಾಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮೆಟ್ಟಿಲಿನ ಅಂಚಿಗೆ ಕತ್ತಲಲ್ಲಿ ಹೊಳೆಯುವ ಟೇಪ್ ಹಚ್ಚುವುದನ್ನು ಮಾತ್ರ ಯಾವತ್ತೂ ಮುಂದೂಡಬೇಡಿ. ಪ್ರದರ್ಶನಕ್ಕೆ ಮೊದಲು ಅದರ ಮೇಲೆ ಚೆನ್ನಾಗಿ ಬೆಳಕು ಬೀಳಲಿ, ಇಲ್ಲದಿದ್ದರೆ ಬ್ಲ್ಯಾಕೌಟ್‌ನಲ್ಲಿ ಅದು ಹೊಳೆಯುವುದೇ ಇಲ್ಲ.